ಹೆಜ್ಜೆಗೆ ಹೆಜ್ಜೆ ಕೂಡಿಸದ ಸೈನಿಕ

ಆಸ್ಪತ್ರೆಯೊಂದು ಚೆನ್ನಾಗಿ ನಡೆಯುತ್ತಿದ್ದರೆ ಜನ ವೈದ್ಯರನ್ನು ಕೊಂಡಾಡುತ್ತಾರೆ, ದಾದಿಯರನ್ನು ಹರಸುತ್ತಾರೆ, ಚೆನ್ನಾಗಿ ನಡೆಯದಿದ್ದಾಗ ಮಾತ್ರ "ಇಲ್ಲಿ ಆಡಳಿತ ಅಂತ ಯಾರಾದ್ರೂ ಇದ್ದಾರೇನ್ರೀ?" ಎಂದು ಕೇಳುತ್ತಾರೆ. ಹೀಗೆ ಬೈಗುಳದ ಹೊತ್ತಿನಲ್ಲಷ್ಟೇ ನೆನಪಾಗುವ ಹುದ್ದೆಯಲ್ಲಿ ಕುಳಿತೂ, ತಮ್ಮ ಸೇವೆಯ ಉದ್ದಕ್ಕೂ ಜನರ ಬಾಯಲ್ಲಿ ಒಳ್ಳೆಯ ಮಾತಾಗಿ ಉಳಿದವರು ವಿರಳ. ಅಂಥ ವಿರಳರಲ್ಲಿ ಒಬ್ಬರು, ಈ ಅಭಿನಂದನಾ ಸಂಪುಟದಿಂದ ನಾವು ಗೌರವಿಸುತ್ತಿರುವ ನಮ್ಮ ಆಸ್ಪತ್ರೆಯ ನಿವೃತ್ತ ಆಡಳಿತಾಧಿಕಾರಿಗಳು. ಎಲ್ಲರ ಪಾಲಿಗೆ 'ಕ್ಯಾಪ್ಟನ್ ಸಾಹೇಬರು'.

ಸತ್ಯ ಹೇಳಬೇಕೆಂದರೆ ಅವರು ಸೈನ್ಯದಲ್ಲಿ ಎಂದೂ ಕ್ಯಾಪ್ಟನ್ ಆಗಿರಲಿಲ್ಲ. ಗಾಯಾಳುಗಳನ್ನು ಹೊತ್ತು ತರುವ ತಂಡದಲ್ಲಿ ಸೇರಿ, ಮುಂದೆ ಆ ತಂಡವನ್ನು ನಡೆಸಿ, ಕಡೆಗೆ ಸೈನಿಕ ಆಸ್ಪತ್ರೆಯೊಂದರ ಉಗ್ರಾಣ ನೋಡಿಕೊಂಡು ಬಂದವರು. ನಮ್ಮ ಆಸ್ಪತ್ರೆಗೆ ಬಂದ ಮೊದಲ ದಿನವೇ ಗೇಟಿನ ಕಾವಲುಗಾರ ಅವರ ನೆಟ್ಟನೆಯ ನಡಿಗೆ ನೋಡಿ ತಾನೇ ಬಡ್ತಿ ಕೊಟ್ಟುಬಿಟ್ಟ.

"ನಾನು ಕ್ಯಾಪ್ಟನ್ ಅಲ್ಲಪ್ಪ," ಎಂದರು ಇವರು.

"ಅದಕ್ಕೇನ್ ಸಾರ್, ಆಗ್ತೀರಿ ಬಿಡಿ," ಎಂದು ಅವನು ಸಮಾಧಾನ ಹೇಳಿದ.

ಬಡಗಿಯೊಬ್ಬರ ಮಗ ಅವರು. ಓದು ಮುಗಿಸಿ ಸೈನ್ಯಕ್ಕೆ ಸೇರಿದಾಗ, ಸೈನ್ಯವೆಂದರೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವುದು ಎಂದು ನಮ್ಮ ನಿಮ್ಮ ಹಾಗೆಯೇ ತಿಳಿದಿದ್ದರು. ಅದನ್ನು ಕಲಿತೂ ಆಯಿತು. ಆಮೇಲೆ ಹೊರುವ ತಂಡಕ್ಕೆ ಹಾಕಿದಾಗ ಕಲಿತದ್ದನ್ನು ಮರೆಯುವುದೇ ದೊಡ್ಡ ಕಲಿಕೆಯಾಯಿತು. ಹೊರುವವರ ಹೆಜ್ಜೆ ಒಂದಾದರೆ ಸ್ಟ್ರೆಚರ್ ತೊಟ್ಟಿಲಿನಂತೆ ತೂಗುತ್ತದೆ; ಮೇಲೆ ಮಲಗಿದವನ ಮುರಿದ ಮೂಳೆ ಪ್ರತಿ ಹೆಜ್ಜೆಗೂ ಅಲುಗುತ್ತದೆ. ಮುಂದಿನವರು ಎಡಗಾಲು ಇಟ್ಟಾಗ ಹಿಂದಿನವರು ಬಲಗಾಲು ಇಡಬೇಕು. ಮೊಣಕಾಲು ತುಸು ಬಗ್ಗಿರಬೇಕು. ಒಬ್ಬರ ಕಾಲು ಇನ್ನೊಬ್ಬರ ಕಾಲಿನ ಮಾತು ಕೇಳಬಾರದು. ಅಲ್ಲಿನ ಶಿಕ್ಷಕರೊಬ್ಬರಿಗೆ 'ಬೋಗುಣಿ ಮಾಸ್ತರು' ಎಂದೇ ಹೆಸರು. ಸ್ಟ್ರೆಚರಿನ ಮೇಲೆ ನೀರು ತುಂಬಿದ ಬೋಗುಣಿಯನ್ನಿಟ್ಟು ಗುಡ್ಡ ಹತ್ತಿಸುತ್ತಿದ್ದರಂತೆ. "ನೀರು ಅಂದ್ಕೋಬೇಡಿ ಮಕ್ಕಳಾ, ನಿಮ್ಮಪ್ಪನೇ ಮಲಗಿದ್ದಾನೆ ಅಂದ್ಕೊಳ್ಳಿ," ಎನ್ನುತ್ತಿದ್ದರಂತೆ. ಮೊದಲ ವಾರ ಸಾಹೇಬರ 'ಅಪ್ಪ' ಪ್ರತಿದಿನವೂ ಅರ್ಧಕ್ಕರ್ಧ ಚೆಲ್ಲಿಹೋಗುತ್ತಿದ್ದರು.

ನಮ್ಮಲ್ಲಿಗೆ ಬಂದ ಹೊಸತರಲ್ಲಿ ಒಂದು ಫಜೀತಿಯಾಯಿತು. ಬೆಳಿಗ್ಗೆ ವಾರ್ಡುಗಳನ್ನು ನೋಡಿ ಬರೋಣವೆಂದು ಅವರು ಸೈನ್ಯದ ಬೂಟು ಹಾಕಿಕೊಂಡು ಹೊರಟರು. ಮಾಜಿ ಸೈನಿಕರು ತಪಾಸಣೆಗೆ ಬರುತ್ತಾರೆಂಬ ಸುದ್ದಿ ಹಿಂದಿನ ದಿನವೇ ಹಬ್ಬಿತ್ತು. ಬೂಟಿನ ಸದ್ದು ಬಾಗಿಲಿಗೆ ಬಂದದ್ದೇ ತಡ, ಗಂಡಸರ ವಾರ್ಡಿನಲ್ಲಿ ಏಳಬಲ್ಲವರೆಲ್ಲ ಎದ್ದು ಮಂಚದ ಪಕ್ಕ ಸೆಟೆದು ನಿಂತರು. ವೃದ್ಧರೊಬ್ಬರು ಗ್ಲೂಕೋಸ್ ಬಾಟಲಿಯನ್ನು ಬಂದೂಕಿನ ಹಾಗೆ ಎದೆಗೆ ಹಿಡಿದು ನಿಂತಿದ್ದರು. ಸಾಹೇಬರ ಮುಖ ಬಿಳುಚಿಕೊಂಡಿತು. "ಅಯ್ಯೋ, ಮಲಗಿ! ಮಲಗಿ ಮಾರಾಯ್ರೇ!" ಎಂದು ಕೂಗಿದರು. ಅದನ್ನೂ ಅಪ್ಪಣೆಯೆಂದೇ ತಿಳಿದು ಎಲ್ಲರೂ ಒಂದೇ ಸಲಕ್ಕೆ ಮಲಗಿದರು. ಮರುದಿನದಿಂದ ಅವರು ರಬ್ಬರ್ ಚಪ್ಪಲಿಯಲ್ಲಿ ಬರತೊಡಗಿದರು, ಬಾಗಿಲ ಬಳಿ ನಿಂತು "ಬರಬಹುದಾ?" ಎಂದು ಕೇಳಿಯೇ ಒಳಗೆ ಕಾಲಿಡುತ್ತಿದ್ದರು. ಆ ರೂಢಿ ಕಡೆಯ ದಿನದವರೆಗೂ ತಪ್ಪಲಿಲ್ಲ.

ಅವರ ಆಡಳಿತ ಎಂಥದೆಂದು ವರದಿಗಳಲ್ಲಿ ಸಿಕ್ಕುವುದಿಲ್ಲ. ಮಂಚದ ಬದಿಯಲ್ಲಿ ಅಡ್ಡಾದಿಡ್ಡಿ ಬಿದ್ದ ರೋಗಿಯ ಚಪ್ಪಲಿಗಳನ್ನು ಬಗ್ಗಿ, ಕಾಲಿಳಿಸಿದರೆ ನೇರವಾಗಿ ಒಳಗೆ ಹೋಗುವಂತೆ ತಿರುಗಿಸಿಡುತ್ತಿದ್ದರು. ಶಸ್ತ್ರಚಿಕಿತ್ಸೆಯ ಕೋಣೆಯ ಹೊರಗೆ 'ಒಳಗೆ ಬರಕೂಡದು' ಎಂದಿದ್ದ ಫಲಕವನ್ನು ತೆಗೆಸಿ, 'ಇಲ್ಲೇ ಕುಳಿತಿರಿ, ನಾವೇ ಬಂದು ಹೇಳುತ್ತೇವೆ' ಎಂದು ಬರೆಸಿದರು. ಬರೆಸಿ ಸುಮ್ಮನಾಗದೆ, ಯಾರಾದರೂ ಬಂದು ಹೇಳುವಂತೆಯೂ ನೋಡಿಕೊಂಡರು. ಅಲ್ಲಿನ ಬೆಂಚುಗಳು ಮುಚ್ಚಿದ ಬಾಗಿಲಿನ ಕಡೆಗೆ ಮುಖ ಮಾಡಿದ್ದವು. ಅವನ್ನು ಕಿಟಕಿಯ ಕಡೆಗೆ ತಿರುಗಿಸಿದರು. "ಬಾಗಿಲು ನೋಡ್ತಾ ಕೂತ್ರೆ ಗಂಟೆ ಒಂದು ಯುಗ ಆಗುತ್ತೆ. ಬೀದಿ ನೋಡ್ತಾ ಕೂತ್ರೆ ಅಷ್ಟಾಗಲ್ಲ," ಎಂದರು. ಕಿರುಗುಟ್ಟುವ ಬಾಗಿಲುಗಳಿಗೆ ಎಣ್ಣೆ ಹಾಕುವುದನ್ನಂತೂ ಬಡಗಿಯ ಮಗನಾಗಿ ಬೇರೆಯವರಿಗೆ ಬಿಟ್ಟುಕೊಟ್ಟವರೇ ಅಲ್ಲ.

ಇಷ್ಟೆಲ್ಲ ಇದ್ದರೂ, ಅವರ ಹೆಸರು ಹೇಳಿದೊಡನೆ ಈ ಊರಿಗೆ ನೆನಪಾಗುವುದು ಮೇಸ್ತ್ರಿಯನ್ನು ಹೊತ್ತ ಪ್ರಸಂಗವೇ.

ಹಳೆಯ ಆಸ್ಪತ್ರೆಯ ಮಾಡಿನ ತೊಲೆಗಳಿಗೆ ಗೆದ್ದಲು ಹಿಡಿದು, ಕಟ್ಟಡವನ್ನು ತಡಮಾಡದೆ ತೆರವು ಮಾಡಬೇಕೆಂದು ಆಜ್ಞೆ ಬಂದ ವರ್ಷವದು. ಹೊಸ ಕಟ್ಟಡ ಅದೇ ಬೀದಿಯ ಮೇಲ್ತುದಿಯಲ್ಲಿ ಸಿದ್ಧವಾಗಿತ್ತು. ರೋಗಿಗಳಲ್ಲಿ ನಡೆಯುವವರು ನಡೆದು, ಕೂರುವವರು ಕುರ್ಚಿಯಲ್ಲಿ, ಉಳಿದವರು ಆಂಬುಲೆನ್ಸಿನಲ್ಲಿ ಹೋಗುವುದೆಂದು ಗೊತ್ತಾಯಿತು. ತೊಡಕಾದದ್ದು ಒಬ್ಬರ ವಿಷಯದಲ್ಲಿ. ಗಾರೆ ಕೆಲಸದ ಮೇಸ್ತ್ರಿಯೊಬ್ಬರು ಗೋಡೆಗೆ ಕಟ್ಟಿದ ಮರದ ಸಾರುವೆಯಿಂದ ಬಿದ್ದು ಬೆನ್ನುಮೂಳೆ ಬಿರುಕುಬಿಟ್ಟು ಮಲಗಿದ್ದರು. ಮೂಳೆ ಡಾಕ್ಟರು, ಮೂಗಿನ ತುದಿಯಲ್ಲೇ ಸಿಟ್ಟಿದ್ದರೂ ಕೈಗುಣ ದೊಡ್ಡದಿದ್ದವರು, ನೇರವಾಗಿ ಹೇಳಿದರು: "ಈಗ ಕೂಡಿಕೊಳ್ತಾ ಇದೆ. ಜೋರಾಗಿ ಒಂದು ಕುಲುಕು ಬಿದ್ರೆ ಈ ಮನುಷ್ಯ ಮತ್ತೆ ಎದ್ದು ನಿಲ್ಲೋದು ನನ್ನ ಕೈಲಿಲ್ಲ. ಆ ಬೀದಿಯ ಕಲ್ಲುಹಾಸಿನ ಮೇಲೆ ಗಾಡಿ ಬೇಡ." ಹೋಗಲು ಗಾಡಿ ಕೂಡದು, ಇರಲು ಕಟ್ಟಡವಿಲ್ಲ ಎಂಬಂತಾಯಿತು ಮೇಸ್ತ್ರಿಯ ಸ್ಥಿತಿ.

"ಕೈಯಲ್ಲೇ ಹೊತ್ಕೊಂಡು ಹೋಗೋಣ," ಎಂದರು ಸಾಹೇಬರು.

ಹೊರಲು ನಾಲ್ವರನ್ನು ಆರಿಸಿದರು: ಆಂಬುಲೆನ್ಸಿನ ಚಾಲಕ, ಅಡುಗೆಯವನು, ಲಾಂಡ್ರಿಯವನು, ಗೇಟಿನ ಕಾವಲುಗಾರ. ನಾಲ್ವರೂ ಸಮ ಎತ್ತರದವರು. ಸಾಹೇಬರು ತಮ್ಮನ್ನು ಆರಿಸಿದ್ದಾರೆಂಬ ಹೆಮ್ಮೆಗೆ, ಅವರಿಗೆ ಹೇಳದೆಯೇ ಹಿತ್ತಲಲ್ಲಿ ಸೇರಿ ಅಭ್ಯಾಸ ನಡೆಸಿ, ಮರುದಿನ ಅಂಗಳದಲ್ಲಿ ಖಾಲಿ ಸ್ಟ್ರೆಚರ್ ಹಿಡಿದು ಬಂದರು. ಎಡ-ಬಲ, ಎಡ-ಬಲ! ಎಂಟು ಪಾದಗಳ ಸದ್ದು ಒಂದೇ ಸದ್ದಾಗಿ ಕೇಳುತ್ತಿತ್ತು. ಅಡುಗೆಯವನು ಹೊಟ್ಟೆಯನ್ನು ಎಳೆದುಕೊಂಡು ಎದೆಯನ್ನು ಮುಂದೆ ಮಾಡಿದ್ದ. ಸಾಹೇಬರ ಕಣ್ಣು ತೇವವಾಯಿತು. ತಮ್ಮ ಹಳೆಯ ದಿನಗಳಿಗೆ ಇಷ್ಟು ದೊಡ್ಡ ಗೌರವ ಯಾರೂ ಸಲ್ಲಿಸಿರಲಿಲ್ಲವೆಂದು ಆಮೇಲೆ ಹೇಳಿದರು.

"ಬಹಳ ಚೆನ್ನಾಗಿದೆ," ಎಂದರು. "ಇದನ್ನ ಪೂರ್ತಿ ಮರೆತುಬಿಡಿ."

ಬೋಗುಣಿ ಬಂತು, ನೀರು ಬಂತು, ಕಲಿಕೆ ತಲೆಕೆಳಗಾಗಿ ಶುರುವಾಯಿತು. ಮನುಷ್ಯರ ಕಾಲುಗಳಿಗೆ ಜೊತೆಯಾಗುವ ಚಪಲ ಎಷ್ಟೆಂದು ಆಗ ಗೊತ್ತಾಯಿತು. ಬೇರೆಬೇರೆಯಾಗಿ ಹೊರಟವರು ಬಾವಿಕಟ್ಟೆ ಮುಟ್ಟುವಷ್ಟರಲ್ಲಿ ಒಂದಾಗಿಬಿಡುತ್ತಿದ್ದರು. ನೀರು ಮುಂದಿನವರ ಬೆನ್ನಿಗೆ ಬೀಳುತ್ತಿತ್ತು. ಲಾಂಡ್ರಿಯವನಿಗೆ ಕೆಲಸ ಮಾಡುತ್ತ ಗುನುಗುವ ಅಭ್ಯಾಸ. ಅವನ ಗುನುಗಿಗೆ ಉಳಿದ ಮೂವರ ಕಾಲು ಕುಣಿಯುತ್ತಿತ್ತು.

"ಲೋ, ನಿನ್ನ ಸಂಗೀತ ಕಛೇರಿ ನಿಲ್ಸೋ!" ಎಂದು ಅಡುಗೆಯವನು ಬೆನ್ನು ಒರೆಸಿಕೊಂಡ.

"ನಾನೆಲ್ಲಿ ಹಾಡಿದೆ? ಉಸಿರಾಡಿದೆ ಅಷ್ಟೇ."

"ಉಸಿರೂ ಆಡಬೇಡ."

ಕಡೆಗೆ, ಹೊರುವಾಗ ಗುನುಗೂ ಇಲ್ಲ, ಮಾತೂ ಇಲ್ಲ ಎಂದು ಕಟ್ಟಪ್ಪಣೆಯಾಯಿತು. ಬೋಗುಣಿಯ ನೀರು ಅಂಚಿನವರೆಗೆ ಬಂದು ಹಿಂದೆ ಸರಿಯುವ ಹದಕ್ಕೆ ನಾಲ್ವರೂ ಬಂದರು. ಆದರೆ ಮೇಸ್ತ್ರಿ ಒಪ್ಪಲಿಲ್ಲ.

"ನಾಕು ಜನ ಹೊತ್ಕೊಂಡು ಬೀದೀಲಿ ಹೋಗೋದು ಯಾರನ್ನ ಸಾರ್? ಬದುಕಿರೋವಾಗಲೇ ಆ ಮೆರವಣಿಗೆ ನನಗೆ ಬೇಡ. ಆ ಬೀದೀಲಿ ಅರ್ಧ ಮನೆ ನಾನು ಕಟ್ಟಿರೋದು. ಎಲ್ರೂ ಬಾಗಿಲಿಗೆ ಬಂದು ಅಯ್ಯೋ ಅಂತಾರೆ," ಎಂದರು. ಅವರ ಹೆಂಡತಿಯಂತೂ ಸೆರಗು ಬಾಯಿಗಿಟ್ಟುಕೊಂಡು, "ಅಪಶಕುನದ ಮಾತು ಬೇಡ ಅಣ್ಣಾ. ಇಲ್ಲೇ ಇರ್ತೀವಿ, ಮಾಡು ಬಿದ್ರೆ ಬೀಳ್ಲಿ," ಎಂದುಬಿಟ್ಟರು.

ಸಾಹೇಬರು ವಾದ ಮಾಡಲಿಲ್ಲ. ಹೆದರಿದವರೊಡನೆ ವಾದ ಮಾಡುವುದು ಅವರ ಜಾಯಮಾನವಲ್ಲ. ಆ ಮಧ್ಯಾಹ್ನವೇ ಸ್ಟ್ರೆಚರ್ ತರಿಸಿ, ತಾವೇ ಮಲಗಿ, "ನಡೀರಿ, ಹೊಸ ಕಟ್ಟಡಕ್ಕೆ. ಮೊದಲು ನನ್ನನ್ನ ಹೊತ್ತು ಅಪಶಕುನವನ್ನೆಲ್ಲ ಖರ್ಚು ಮಾಡಿಬಿಡಿ," ಎಂದರು. ದಾರಿಯಲ್ಲಿ ಎಲ್ಲೆಲ್ಲಿ ಕುಲುಕುತ್ತದೆಂದು ತಿಳಿಯುವುದೂ ಇನ್ನೊಂದು ಉದ್ದೇಶವಾಗಿತ್ತು. ಕಣ್ಣು ತೆರೆದಿದ್ದರೆ ಮೈಗೆ ಸರಿಯಾಗಿ ಗೊತ್ತಾಗುವುದಿಲ್ಲವೆಂದು ಕಣ್ಣು ಮುಚ್ಚಿಕೊಂಡರು. ಆದ ತಪ್ಪು ಅದೊಂದೇ.

ಹಾಡುಹಗಲಿನಲ್ಲಿ, ಕಣ್ಣು ಮುಚ್ಚಿ ಅಲುಗಾಡದೆ ಮಲಗಿದ ಕ್ಯಾಪ್ಟನ್ ಸಾಹೇಬರನ್ನು ನಾಲ್ವರು ತುಟಿ ಬಿಗಿದುಕೊಂಡು ಮೆಲ್ಲಗೆ ಹೊತ್ತು ಬರುವುದನ್ನು ಬೀದಿ ನೋಡಿತು. ಬಟ್ಟೆ ಅಂಗಡಿಯ ಯಜಮಾನರು ಟೋಪಿ ತೆಗೆದು, ಶಟರನ್ನು ಅರ್ಧಕ್ಕೆ ಎಳೆದರು. ಕ್ಷೌರಿಕ ರೇಡಿಯೋ ಆರಿಸಿ, ಗಿರಾಕಿಯ ಅರ್ಧ ಗಡ್ಡವನ್ನು ನೊರೆಯಲ್ಲೇ ಬಿಟ್ಟು ಮೆಟ್ಟಿಲಿಗೆ ಬಂದು ನಿಂತ. "ಯಾವಾಗಾಯ್ತು?" ಎಂದು ಯಾರೋ ಚಾಲಕನನ್ನು ಕೇಳಿದರು. ಮಾತಾಡಬಾರದೆಂಬ ಅಪ್ಪಣೆಯಿತ್ತಲ್ಲ, ಅವನು ತಲೆ ಮಾತ್ರ ಅಲ್ಲಾಡಿಸಿದ. ಅದು ಬೆಂಕಿಗೆ ತುಪ್ಪ ಸುರಿದಂತಾಯಿತು. ಸುದ್ದಿಗೆ ಕಾಲಿಲ್ಲ, ಆದರೂ ಓಟದಲ್ಲಿ ಅದನ್ನು ಗೆದ್ದವರಿಲ್ಲ. ಬೀದಿಯ ಅರ್ಧಕ್ಕೆ ಬರುವಷ್ಟರಲ್ಲಿ ಹಿಂದೆ ಒಂದು ಸಣ್ಣ ಗುಂಪೇ ತಲೆತಗ್ಗಿಸಿ ನಡೆಯುತ್ತಿತ್ತು.

ಸಾಹೇಬರ ಪತ್ನಿ ಹತ್ತಿರದ ಶಾಲೆಯಲ್ಲಿ ಉಪಾಧ್ಯಾಯಿನಿ. ಸುದ್ದಿ ಅಲ್ಲಿಗೂ ಮುಟ್ಟಿತು. ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಆ ತಾಯಿ ಓಡಿಬಂದರು. ಗುಂಪು ದಾರಿ ಬಿಟ್ಟಿತು. ಅವರು ಮುಖ ನೋಡಲಿಲ್ಲ. ಮೊದಲು ನೋಡಿದ್ದು ಪಾದಗಳನ್ನು. ಏನಾದರೂ ಯೋಚಿಸುವಾಗ ಕಾಲಿನ ಹೆಬ್ಬೆರಳು ಆಡಿಸುವುದು ಸಾಹೇಬರ ಅಭ್ಯಾಸ. ಹೆಬ್ಬೆರಳು ಆಡುತ್ತಿತ್ತು.

"ಕಣ್ಣು ಬಿಡ್ರೀ ಸಾಕು!" ಎಂದರು.

ಸಾಹೇಬರು ಕಣ್ಣು ಬಿಟ್ಟರು. "ಏನು, ಶಾಲೆ ಇಷ್ಟು ಬೇಗ ಬಿಟ್ರಾ?"

"ಶಾಲೆ ಬಿಟ್ಟಿಲ್ಲ, ನನ್ನ ಜೀವ ಬಿಡೋದಿತ್ತು. ಈ ವಯಸ್ಸಲ್ಲಿ ಇದೇನು ನಿಮ್ಮ ಸವಾರಿ?"

ಬೀದಿಗೆ ಬೀದಿಯೇ ನಕ್ಕಿತು. ಬಟ್ಟೆ ಅಂಗಡಿಯ ಯಜಮಾನರು ಟೋಪಿ ಹಾಕಿಕೊಳ್ಳುತ್ತ, "ನನ್ನ ವ್ಯಾಪಾರ ಹಾಳ್ಮಾಡಿದ್ರಲ್ಲ ಸಾಹೇಬ್ರೇ," ಎಂದು ಗೊಣಗಿದರು. ಗೊಣಗುತ್ತಲೇ ಶಟರನ್ನು ಮೇಲಕ್ಕೆ ತಳ್ಳಿದರು. ಟೀಚರಮ್ಮನವರು ಬೈಯುತ್ತಲೇ ಏರು ಮುಗಿಯುವವರೆಗೂ ಸ್ಟ್ರೆಚರಿನ ಜೊತೆಯಲ್ಲೇ ನಡೆದರು. ಒಂದು ಕೈ ಗಂಡನ ತೋಳಿನ ಮೇಲಿತ್ತು.

ಈ ಕಥೆ ಕೇಳಿ ಮೇಸ್ತ್ರಿ ನಕ್ಕ ನಗೆಗೆ ಮೂಳೆ ಡಾಕ್ಟರು ಓಡಿಬರಬೇಕಾಯಿತು. "ನಗಬೇಡ್ರೀ, ಬೆನ್ನು! ಬೆನ್ನು!" ಎಂದು ಗದರಿದರು, ತಾವೂ ನಕ್ಕರು. ಮೇಸ್ತ್ರಿಯ ಹೆಂಡತಿ, "ಆಯ್ತಣ್ಣಾ. ಆದ್ರೆ ತಲೆ ಮುಂದಿರಬೇಕು, ಕಾಲಲ್ಲ," ಎಂದರು. ದಾರಿ ಏರು, ಏರಿನಲ್ಲಿ ತಲೆಯೇ ಮುಂದಿರಬೇಕೆಂಬುದು ಹೊರುವವರ ನಿಯಮವೂ ಹೌದು. "ನೀವು ಹೇಳಿದ ಹಾಗೇ ಆಗ್ಲಿ ತಾಯಿ," ಎಂದರು ಸಾಹೇಬರು. ನಿಯಮದ ಮಾತು ಎತ್ತಲಿಲ್ಲ. ಗೆಲುವು ಆಕೆಯದೇ ಆಗಿರಲಿ ಎಂದು ಬಿಟ್ಟುಕೊಟ್ಟ ಆ ಸಣ್ಣ ಔದಾರ್ಯ ಅಂದು ಅಲ್ಲಿದ್ದ ದಾದಿಯರು ಇಂದಿಗೂ ಹೇಳುವ ಮಾತು.

ಹೊರುವ ದಿನ ಬೀದಿಯವರು ತಮ್ಮತಮ್ಮಲ್ಲೇ ಒಂದು ಮಾತಾಡಿಕೊಂಡಿದ್ದರು. ಮೇಸ್ತ್ರಿಗೆ ಸಾವಿನ ಮೆರವಣಿಗೆಯಂತೆ ಅನ್ನಿಸಬಾರದು. ಯಾರೂ ಟೋಪಿ ತೆಗೆಯಕೂಡದು, ಯಾರೂ ಅಯ್ಯೋ ಎನ್ನಕೂಡದು. ಎಂದಿಗಿಂತ ಹೆಚ್ಚು ಗದ್ದಲವಿರಬೇಕು. ಅದರಂತೆ ಬಟ್ಟೆ ಅಂಗಡಿಯವರು ಇಲ್ಲದ ಗಿರಾಕಿಯೊಡನೆ ಜೋರಾಗಿ ಚೌಕಾಸಿ ನಡೆಸಿದರು. ಹಣ್ಣಿನವರು ಗಂಟಲು ಹರಿಯುವಂತೆ ಕೂಗಿದರು. ಕ್ಷೌರಿಕ ತನ್ನ ಪಾಲಿನ ಸೇವೆಯೆಂದು ರೇಡಿಯೋವನ್ನು ಮೆಟ್ಟಿಲ ಮೇಲಿಟ್ಟು, ಧ್ವನಿಯನ್ನು ತುದಿ ಮುಟ್ಟಿಸಿದ. ತಮಟೆಯ ಪೆಟ್ಟಿನ ಹಾಡೊಂದು ಬರುತ್ತಿತ್ತು.

ಪಕ್ಕದಲ್ಲಿ ನಡೆಯುತ್ತಿದ್ದ ಸಾಹೇಬರ ಕಣ್ಣು ಹೊತ್ತವರ ಕಾಲುಗಳಿಗೆ ಹೋಯಿತು. ಎಂಟು ಪಾದಗಳು ಒಂದೊಂದಾಗಿ ಆ ಪೆಟ್ಟಿಗೆ ಸಿಕ್ಕಿಕೊಳ್ಳುತ್ತಿದ್ದವು. ಸ್ಟ್ರೆಚರ್ ತೂಗತೊಡಗಿತು. ಮೇಸ್ತ್ರಿಯ ದವಡೆ ಬಿಗಿಯಿತು. ಹೆಂಡತಿ ಅದನ್ನು ನೋಡಿ ಸಾಹೇಬರ ಮುಖ ನೋಡಿದರು. "ಹೆಜ್ಜೆ! ಹೆಜ್ಜೆ!" ಎಂದು ಸಾಹೇಬರು ಕೂಗಿದ್ದು ಹಾಡಿನಲ್ಲಿ ಮುಳುಗಿಹೋಯಿತು. ಏರಿನ ನಡುವೆ ಇಳಿಸಿ ಮತ್ತೆ ಎತ್ತುವುದೆಂದರೆ ಅದೇ ಒಂದು ದೊಡ್ಡ ಕುಲುಕು. ನಡೆದರೂ ಕಷ್ಟ, ನಿಂತರೂ ಕಷ್ಟ.

ಆಗ ಮಲಗಿದ್ದವರೇ ಮಾತಾಡಿದರು. ಅಂಗಾತ ಮಲಗಿದವರಿಗೆ ಕಾಣುವುದು ಮಾಳಿಗೆಗಳ ಮುಖ ಮಾತ್ರ. ಕಸುಬಿನ ಕಣ್ಣನ್ನು ನೋವು ಕೂಡ ಮುಚ್ಚಿಸಲಾರದು. ಹಲ್ಲು ಕಚ್ಚಿಕೊಂಡೇ, ಆದರೆ ಕಟ್ಟೆಯ ಮೇಲೆ ನಿಂತು ಆಳುಗಳನ್ನು ಗದರುವ ಗಂಟಲಿನಲ್ಲಿ ಅವರು ಕೇಳಿದರು: "ಅದ್ಯಾವ ಪುಣ್ಯಾತ್ಮ ಕಟ್ಟಿದ್ದು ಆ ಕಿಟಕಿ ಮೇಲಿನ ಸಜ್ಜಾನ? ಒಂದು ಕಡೆ ಆಕಾಶ, ಒಂದು ಕಡೆ ಪಾತಾಳ!"

ಚಾಲಕ ಅಪ್ಪಣೆ ಮರೆತ. "ಅದು ನಮ್ಮ ಮಾವ ಕಟ್ಟಿದ್ದು!"

"ಹಂಗಾದ್ರೆ ಅವರನ್ನ ಇವತ್ತೇ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡ್ಹೋಗಪ್ಪ. ರಸಮಟ್ಟ ಇಟ್ಟು ಕಟ್ಟಿದ್ರೋ, ಕನಸಲ್ಲಿ ಕಟ್ಟಿದ್ರೋ?"

ಅಡುಗೆಯವನು ಗೊಳ್ಳೆಂದು ನಕ್ಕ. ಲಾಂಡ್ರಿಯವನು ಕತ್ತೆತ್ತಿ ಸಜ್ಜಾ ನೋಡಿದ. ಕಾವಲುಗಾರ "ನಿಜ, ಓರೆ ಇದೆ," ಎಂದ. ನಾಲ್ವರ ಮನಸ್ಸು ನಾಲ್ಕು ಕಡೆ ಹೋಯಿತು, ಕಾಲುಗಳೂ ಹೋದವು. ಹಾಡಿನ ಹಿಡಿತ ಸಡಿಲಿತು. ಸ್ಟ್ರೆಚರ್ ಮೆಲ್ಲನೆ ನೆಲೆಗೆ ನಿಂತು, ನೀರಿನ ಮೇಲಿನ ಎಲೆಯ ಹಾಗೆ ಮುಂದೆ ಸಾಗಿತು. ಗುನುಗಿಗೆ ತಾಳವಿದೆ, ಮಾತಿಗಿಲ್ಲ. ಎರಡನ್ನೂ ಒಟ್ಟಿಗೇ ನಿಷೇಧಿಸಿದ್ದು ತಮ್ಮ ತಪ್ಪೆಂದು ಸಾಹೇಬರಿಗೆ ಆ ಕ್ಷಣವೇ ಹೊಳೆಯಿತು.

"ಮೇಸ್ತ್ರಿ, ನಿಲ್ಲಿಸಬೇಡಿ! ಇನ್ನೇನೇನು ತಪ್ಪಿದೆ, ಹೇಳ್ತಾ ಬನ್ನಿ," ಎಂದು ಕಿವಿಯ ಬಳಿ ಬಗ್ಗಿ ಕೂಗಿದರು.

ಮೇಸ್ತ್ರಿಗೆ ಇಷ್ಟು ಸಾಕಾಗಿತ್ತು. ಬೀದಿಯ ಮೇಲ್ತುದಿ ಮುಟ್ಟುವವರೆಗೆ ಅವರು ಯಾವ ಮನೆಯನ್ನೂ ಬಿಡಲಿಲ್ಲ. ತಾವೇ ಕಟ್ಟಿದ್ದವನ್ನೂ ಸೇರಿಸಿ. ಚೌಕಾಸಿ ನಟಿಸುತ್ತಿದ್ದ ಬಟ್ಟೆ ಅಂಗಡಿಯ ಯಜಮಾನರು ತಮ್ಮ ಮಾಳಿಗೆಯ ಸರದಿ ಬಂದಾಗ ನಿಜವಾಗಿಯೇ ಜಗಳಕ್ಕೆ ನಿಂತರು. ಹೊಸ ಕಟ್ಟಡದ ಬಾಗಿಲಲ್ಲಿ ಮೂಳೆ ಡಾಕ್ಟರು ಕಾಯುತ್ತಿದ್ದರು. ಮಂಚಕ್ಕೆ ಇಳಿಸಿದ ಮೇಲೆ ಹೊದಿಕೆ ಸರಿಸಿ, "ಕಾಲ್ಬೆರಳು ಆಡ್ಸಿ," ಎಂದರು. ಬೆರಳುಗಳು ಆಡಿದವು, ಹತ್ತೂ. ಮೇಸ್ತ್ರಿಯ ಹೆಂಡತಿ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕುಳಿತುಬಿಟ್ಟರು. ಸಾಹೇಬರು ಅವರಿಗೊಂದು ಕುರ್ಚಿ ತಂದಿಟ್ಟು, ಹೊರಗೆ ಹೋಗಿ, ನಾಲ್ವರ ಅಂಗೈಗಳನ್ನೂ ಒಬ್ಬೊಬ್ಬರದಾಗಿ ತಿರುಗಿಸಿ ನೋಡಿದರು. ಬೊಬ್ಬೆ ಎದ್ದಲ್ಲಿ ತಾವೇ ಔಷಧಿ ಹಚ್ಚಿದರು.

ಮೇಸ್ತ್ರಿ ಎದ್ದು ನಿಂತರು. ಮೊದಲು ಇಬ್ಬರ ತೋಳು ಹಿಡಿದು, ಆಮೇಲೆ ಕೋಲು ಹಿಡಿದು, ಕಡೆಗೆ ಬರಿಗೈಯಲ್ಲಿ. ಬರಿಗೈಯಲ್ಲಿ ನಡೆದ ದಿನ ಅವರು ಮನೆಯಿಂದ ಮೊದಲು ಬಂದದ್ದು ಹೊಸ ಆಸ್ಪತ್ರೆಯ ವಾರ್ಡಿನ ಮೂಲೆಗೆ. ಗೋಡೆ ಸವರಿ, "ಪರವಾಗಿಲ್ಲ," ಎಂದರು. ಆ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಯಾವ ಗೋಡೆಗೂ ಸಿಕ್ಕಿರಲಾರದು. ಈಗ ಅವರು ಸಾರುವೆ ಹತ್ತುವುದಿಲ್ಲ; ಕೆಳಗೆ ನಿಂತು ಹತ್ತಿದವರನ್ನು ಬೈಯುತ್ತಾರೆ, ಅದರಲ್ಲೇ ಸುಖವಾಗಿದ್ದಾರೆ.

ಆದರೆ ಇದಕ್ಕೆಲ್ಲ ಮೊದಲು, ಮೇಸ್ತ್ರಿ ಆಸ್ಪತ್ರೆಯಿಂದ ಮನೆಗೆ ಹೊರಡುವ ಹಿಂದಿನ ದಿನ, ಹೆಂಡತಿ ಸಾಹೇಬರ ಕೋಣೆಗೆ ಬಂದು ಬಾಗಿಲಲ್ಲಿ ನಿಂತರು. "ಇಲ್ಲಾದ್ರೆ ಎತ್ತೋಕೆ ನೀವೆಲ್ಲ ಇದ್ದೀರಿ ಅಣ್ಣಾ. ಮನೇಲಿ ನಾನೊಬ್ಬಳೇ. ಹೆಂಗೆ ಎಬ್ಬಿಸ್ಲಿ, ಹೆಂಗೆ ಕೂರಿಸ್ಲಿ?" ಎಂದು ಕೇಳಿದರು. ಆಸ್ಪತ್ರೆಯ ಗೇಟಿನ ಆಚೆಗೂ ರೋಗಿ ಇರುತ್ತಾನೆ, ಅಲ್ಲಿ ಅವನನ್ನು ಹೊರುವವರಿಗೆ ಯಾರೂ ಏನೂ ಕಲಿಸಿರುವುದಿಲ್ಲ ಎಂಬುದು ಆ ಪ್ರಶ್ನೆಯಿಂದ ಸಾಹೇಬರಿಗೆ ನಾಟಿತು. ಆ ಸಂಜೆಯೇ ಮೇಸ್ತ್ರಿಯ ಮನೆಗೆ ಹೋಗಿ, ಮಂಚವನ್ನು ಗೋಡೆಯಿಂದ ಈಚೆ ಎಳೆದು, ಆಕೆಗೆ ಕಾಲು ಎಲ್ಲಿ ಊರಬೇಕು, ಕೈ ಎಲ್ಲಿ ಕೊಡಬೇಕು, ಯಾವ ಮಾತು ಹೇಳಿ ಎತ್ತಬೇಕು ಎಂದು ತೋರಿಸಿಕೊಟ್ಟರು. ಪಕ್ಕದ ಮನೆಯವರು ನೋಡಿದರು. ಅವರ ಮನೆಯಲ್ಲೂ ಒಬ್ಬರು ಮಲಗಿದ್ದರು. ಹೀಗೆ ಒಂದು ಮನೆ ಇನ್ನೊಂದಕ್ಕೆ ಹೇಳಿ, ಅದು ಅವರ ಎರಡನೆಯ ನೌಕರಿಯೇ ಆಯಿತು. ಆಸ್ಪತ್ರೆಯಿಂದ ನಿವೃತ್ತರಾದರು, ಇದರಿಂದ ಆಗಲಿಲ್ಲ. "ನಿವೃತ್ತಿ ಆಗಿರೋದು ಇವರ ಸಂಬಳಕ್ಕೆ ಮಾತ್ರ," ಎಂದು ಟೀಚರಮ್ಮನವರು ದೂರುತ್ತಾರೆ. ಅವರೂ ಕೆಲವು ಸಲ ಜೊತೆಗೆ ಹೋಗಿ, ಸಾಹೇಬರು ಎತ್ತುವುದನ್ನು ಕಲಿಸುತ್ತಿರುವಾಗ, ಎತ್ತಿಸಿಕೊಳ್ಳುವವರ ಕೈ ಹಿಡಿದು ಕೂರುತ್ತಾರೆ.

ಈ ಸಂಪುಟವನ್ನು ಅವರ ಕೈಗಿಡುವ ಸಮಾರಂಭವನ್ನು ಭಾನುವಾರ ಬೆಳಿಗ್ಗೆ ಇಟ್ಟುಕೊಳ್ಳೋಣವೆಂದು ಸಮಿತಿಯವರು ಕೇಳಲು ಹೋಗಿದ್ದರು. "ಬೆಳಿಗ್ಗೆ ಆಗಲ್ಲ," ಎಂದರಂತೆ. ಯಾವುದೋ ಮನೆಯಲ್ಲಿ ಒಬ್ಬ ಅಜ್ಜಿ ಬಹಳ ದಿನದಿಂದ ಹಾಸಿಗೆ ಹಿಡಿದಿದ್ದಾರೆ. ಅವರಿಗೆ ಕಿಟಕಿಯ ಬಳಿ ಕೂರುವ ಆಸೆ. ಮೊಮ್ಮಕ್ಕಳಿಗೆ ಎತ್ತಲು ಭಯ. ಅಲ್ಲಿಗೆ ಹೋಗುವುದಾಗಿ ಮಾತು ಕೊಟ್ಟಾಗಿದೆ. ಆದ್ದರಿಂದ ಸಮಾರಂಭ ಸಂಜೆಗೆ ಹೋಗಿದೆ; ಸಂಜೆಯೂ ಅವರು ಹೇಳಿದ ಹೊತ್ತಿಗೆ ಬರುತ್ತಾರೆಂಬ ಭರವಸೆ ನಮ್ಮಲ್ಲಿ ಯಾರಿಗೂ ಇಲ್ಲ. ಹಾರ ಬಾಡಿದರೆ ಬಾಡಲಿ. ಆ ಅಜ್ಜಿ ಕಿಟಕಿಯ ಬಳಿ ಕುಳಿತು, ಬೀದಿಯನ್ನು ಮನಸಾರೆ ನೋಡಿದ ಮೇಲೆಯೇ ನಮ್ಮ ಸಭೆ ಶುರುವಾಗಲಿ. ಆರೋಗ್ಯವಂತರಾಗಿ, ಟೀಚರಮ್ಮನವರ ಬೈಗುಳಕ್ಕೆ ಪಾತ್ರರಾಗಿ, ನಮ್ಮ ಸಾಹೇಬರು ಇನ್ನೂ ಬಹುಕಾಲ ಹೀಗೆಯೇ ನಮ್ಮನ್ನು ಕಾಯಿಸುತ್ತಿರಲಿ.